ವಿಹಾರದ ಬಾಗಿಲಲ್ಲಿ ಚಿಗವ್ವನ ಕರಡಿಗೆ

ಕೊಲಂಬೊದಿಂದ ಬೆಳಗಿನ ಬಸ್ಸು ಹಿಡಿದು ಬೆಟ್ಟದ ಮೇಲಿನ ಬೌದ್ಧ ವಿಹಾರಕ್ಕೆ ಹೊರಟೆವು. ಸೇಡಂನಿಂದ ನಾನು, ಶಹಾಬಾದಿನಿಂದ ನನ್ನ ಚಿಗವ್ವ ನೀಲಮ್ಮ. ನಮ್ಮ ಕಡೆಯ ಸನ್ನತಿಯ ಬೌದ್ಧ ಸ್ತೂಪದ ಒಡೆದ ಕಲ್ಲುಗಳನ್ನು ಕಂಡಂದಿನಿಂದ, ಇಂದಿಗೂ ಪೂಜೆಗೊಳ್ಳುವ ಬುದ್ಧನನ್ನು ನೋಡಬೇಕೆಂಬುದು ಅವರ ಆಸೆ.

ಬೆಟ್ಟವೇರುತ್ತಿದ್ದಂತೆ ಚಹಾ ತೋಟಗಳು ಬಂದವು. ತೋಟಗಳ ಅಂಚಿನಲ್ಲಿ ಕೂಲಿಕಾರರ ತಗಡಿನ ಸಾಲುಮನೆಗಳು. ಚಿಗವ್ವ ಕಿಟಕಿಯಿಂದ ನೋಡಿ, “ನಮ್ಮ ಫರ್ಸಿಕಲ್ಲಿನ ಖಣಿ ಮಂದಿ ಮನೀನೂ ಹಿಂಗೇ ಅದಾವಲ್ಲ” ಎಂದರು. ದುಡಿದವರಿಗೆ ನೆಟ್ಟಗಿನ ಸೂರಿಲ್ಲದಿರುವುದು ಎಲ್ಲ ದೇಶಗಳಲ್ಲೂ ಅನ್ಯಾಯವೇ ಎಂದು ನಾನು ಸಭೆಗಳಲ್ಲಿ ಹೇಳುವಂತೆಯೇ ಹೇಳಿದೆ. ಅವರು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಇಳಿದ ಮೇಲೆ ರೊಟ್ಟಿ ತಿಂದರಾಯಿತೆಂದರು.

ವಿಹಾರದ ದ್ವಾರದಲ್ಲಿ ಬಾಂಬಿನ ಭಯಕ್ಕೆ ಮರಳಿನ ಚೀಲಗಳು, ಬಂದೂಕು ಹಿಡಿದ ಸಿಪಾಯಿ. ಅಹಿಂಸೆ ಬೋಧಿಸಿದವನ ಮನೆಗೆ ಬಂದೂಕಿನ ಕಾವಲು. ತಪಾಸಣೆಯ ಹೆಂಗಸಿನ ಕೈ ಚಿಗವ್ವನ ಎದೆಯ ಮೇಲೆ ನಿಂತಿತು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಕೈಗೆ ಗಟ್ಟಿಯಾಗಿ ತಗುಲಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಶಿವದಾರವನ್ನು ಕೊರಳಿನಿಂದ ಎಳೆದು, ಕರಡಿಗೆಯನ್ನು ತಟ್ಟೆಯಲ್ಲಿಟ್ಟು ಒಳಕೋಣೆಗೆ ಒಯ್ದಳು. ಯಂತ್ರದಲ್ಲಿ ಒಳಗೇನಿದೆಯೆಂದು ತಿಳಿಯುತ್ತಿಲ್ಲ, ಅಧಿಕಾರಿ ಬರುವವರೆಗೆ ಕದಲಬೇಡಿ ಎಂದರು. ನಮ್ಮ ಪಾಸ್‌ಪೋರ್ಟುಗಳನ್ನೂ ಇಸಿದುಕೊಂಡರು.

ಚಿಗವ್ವ ಕಲ್ಲಿನ ಮೇಲೆ ಕುಸಿದು ಕುಳಿತರು. ಹೊತ್ತು ಕಳೆದಂತೆ ಹಣೆಯಲ್ಲಿ ಬೆವರು, ಬೆರಳುಗಳಲ್ಲಿ ನಡುಕ. ಗುಳಿಗೆ ನುಂಗಿ ಏನೂ ತಿಂದಿರಲಿಲ್ಲ. ನಾನು ರೊಟ್ಟಿಯ ಗಂಟು ಬಿಚ್ಚಿದೆ, ಅವರು ದೂಡಿದರು.

“ಲಿಂಗ ಮೈಮ್ಯಾಲ ಇಲ್ಲದಾಗ ತುತ್ತು ನುಂಗ್ಲೇನು? ಹನಿ ನೀರು ಸುದ್ದಾ ಬ್ಯಾಡ.”

“ಚಿಗವ್ವ, ಜೀವ ಮೊದಲಲ್ಲೇನ್ರಿ? ಜೀವ ಹೋಗೋ ಆಚಾರ ಎಂಥಾದ್ದು?”

“ಆ ವಾದ ಆಮ್ಯಾಲ ಮಾಡೋಣು. ಸಭಾದಾಗ ಮೈಕ್ ಬಿಡಂಗಿಲ್ಲ ನೀ, ಇಲ್ಲಿ ಇವರಿಗೆ ಒಂದ್ ಮಾತು ಹೇಳಾಕ ಆಗವಲ್ದು?”

ಹೇಳಲು ಹೋದೆ. ಸಿಪಾಯಿ ಬಂದೂಕನ್ನು ಅಡ್ಡ ಹಿಡಿದ. ಎತ್ತರದ ದನಿಯೊಂದು ಇಲ್ಲಿ ಏನಾಗಿ ತೋರೀತೋ ಎಂಬ ಭಯ ಒಂದೆಡೆ, ಹಿಂದೆ ಚಿಗವ್ವನ ತಲೆ ವಾಲುತ್ತಿರುವ ಭಯ ಇನ್ನೊಂದೆಡೆ. ನನ್ನ ಕಾಲುಗಳು ಅಲ್ಲೇ ನಿಂತವು.

ಕೊನೆಗೆ ಅಧಿಕಾರಿ ತಟ್ಟೆಯೊಂದಿಗೆ ಬಂದ. ಇದರೊಳಗೇನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ದೇವರು ಎಂದೆ. ಅವನು ನಗಲಿಲ್ಲ. ಎಲ್ಲರನ್ನೂ ಮರಳಿನ ಚೀಲಗಳ ಹಿಂದೆ ಸರಿಸಿ, ಆಕೆಯೇ ತೆರೆಯಲಿ ಎಂದ. ನನ್ನನ್ನೂ ಸರಿಸಿದರು. ವೃದ್ಧೆಯೊಬ್ಬಳನ್ನು ಬಾಂಬಿನ ಎದುರು ಕೂರಿಸುವಂತೆ ಚಿಗವ್ವ ಒಬ್ಬರನ್ನೇ ಬಯಲಲ್ಲಿ ಕೂರಿಸಿದ್ದರು. ಅದನ್ನು ಕ್ರೌರ್ಯವೆಂದಲ್ಲದೆ ನಾನು ಬೇರೆ ಹೆಸರಿನಿಂದ ಕರೆಯಲಾರೆ.

ಚಿಗವ್ವ ಕಾಲು ಮಡಿಚಿ ನೇರ ಕುಳಿತರು. ಕರಡಿಗೆ ತೆರೆದು ಕಪ್ಪು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಶಹಾಬಾದಿನ ಮನೆಯಲ್ಲಿ ದಿನವೂ ಮಾಡುವಂತೆ ವಿಭೂತಿ ಹಚ್ಚಿ ನೋಡುತ್ತ ಕುಳಿತರು. ಅಂಗೈ ನಡುಗುತ್ತಿತ್ತು. ಆ ನಡುಕವನ್ನು ಸಿಪಾಯಿ ಹೇಗೆ ಓದುವನೋ ಎಂದು ನಾನು ಅವನ ಬೆರಳನ್ನೇ ನೋಡಿದೆ. ಅದು ಬಂದೂಕಿನ ಕುದುರೆಯ ಮೇಲಿತ್ತು. ಅಧಿಕಾರಿ ಕೈಯೆತ್ತಿದ ಮೇಲೆ ಬಂದೂಕು ಕೆಳಗಿಳಿಯಿತು. ತಪಾಸಣೆಯ ಹೆಂಗಸು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಪಾಸ್‌ಪೋರ್ಟುಗಳನ್ನು ಮರಳಿಸಿದರು, ಯಾರೂ ಕ್ಷಮೆ ಕೇಳಲಿಲ್ಲ.

ಶಿವದಾರ ಕೊರಳಿಗೆ ಏರಿದ ಮೇಲೆ, “ಈಗ ಕೊಡು ರೊಟ್ಟಿ” ಎಂದರು.

ಬುದ್ಧನನ್ನು ದೂರದಿಂದಲೇ ನೋಡಿದೆವು. ಏನು ನೋಡಿದೆನೆಂದು ನನಗೆ ನೆನಪಿಲ್ಲ. ಇಳಿಯುವ ಬಸ್ಸಿನಲ್ಲಿ ಚಿಗವ್ವ ಮತ್ತೆ ಆ ಸಾಲುಮನೆಗಳನ್ನು ನೋಡಿದರು. ಆಮೇಲೆ ಕೇಳಿದರು:

“ನಮ್ಮ ಕಡೀಗೂ ಹಿಂಗ ಬ್ಯಾರೆ ಮಂದೀನ್ನ ನಿಲ್ಲಿಸಿ ಮೈ ಮುಟ್ಟಿ ನೋಡ್ತಾರೇನು?”

“ನೋಡ್ತಾರ್ರಿ. ಅವರ ವೇಷ ನೋಡಿ, ಹೆಸರು ಕೇಳಿ.”

“ನಾ ಎಂದೂ ನೋಡಿಲ್ಲಲ್ಲ.”

“ನಮ್ಮನ್ನ ಯಾರೂ ನಿಲ್ಲಿಸ್ತಿದ್ದಿಲ್ಲರಿ.”

ವಾರದ ನಂತರ ವಾಡಿ ಜಂಕ್ಷನ್ನಿನಲ್ಲಿ ಇಳಿದೆವು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಪೊಲೀಸನೊಬ್ಬ ಬುರ್ಖಾ ತೊಟ್ಟ ಮುದುಕಿಯ ಗಂಟು ಬಿಚ್ಚಿಸುತ್ತಿದ್ದ. ಚಿಗವ್ವನ ಕೈ ತಮ್ಮ ಎದೆಯ ಕರಡಿಗೆಗೆ ಹೋಯಿತು. ಊರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಆ ಗಂಟು ಮತ್ತೆ ಕಟ್ಟುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.