ಕಾಸು ಬೀಳದ ಫೋನು

"ಯಾರೂ ಮಾತಾಡ್ತಿಲ್ಲ ಆಂಟಿ" ಅಂದೆ. ರಿಸೀವರ್ ಮಾತ್ರ ಕಿವಿಯಿಂದ ತೆಗೆಯಲಿಲ್ಲ.

ಎಂಬತ್ತರ ದಶಕದ ಮಾತು. ಮದುವೆಯಾದ ಮೊದಲ ಆಷಾಢ. ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ನನ್ನನ್ನು ರಾಜಾಜಿನಗರದ ತವರಿಗೆ ತಂದು ಬಿಟ್ಟಿದ್ದರು.

ನಮ್ಮವರು ವಿಜಯನಗರದಲ್ಲಿ. ಅಳಿಯನೂ ಹೆಣ್ಣು ಕೊಟ್ಟವರ ಮನೆಗೆ ಕಾಲಿಡೋ ಹಾಗಿಲ್ಲ. ಹತ್ತಿದರೆ ಒಂದೇ ಬಸ್ಸು... ಹತ್ತೋ ಹಾಗಿಲ್ಲ.

ಫೋನ್ ಇದ್ದದ್ದು ನಮ್ಮ ಮನೆ ಓನರ್ ಆಂಟಿಯ ಹಾಲ್‌ನಲ್ಲಿ. ಬಾಡಿಗೆಯವರು ಎಲ್ಲಿ ಡಯಲ್ ಮಾಡಿಬಿಡ್ತಾರೋ ಅಂತ ಅದಕ್ಕೊಂದು ಪುಟ್ಟ ಬೀಗ. ಬಂದರೆ ಎತ್ತಬಹುದು, ನಾವಾಗಿ ಮಾಡೋ ಹಾಗಿಲ್ಲ.

ನಮ್ಮವರು ಸಂಜೆ ಕೆಲಸ ಮುಗಿಸಿ, ಮೆಡಿಕಲ್ ಶಾಪ್ ಮುಂದಿನ ಕಾಯಿನ್ ಬಾಕ್ಸಿಂದ ಮಾಡುತ್ತಿದ್ದರು. ಆ ಹೊತ್ತಿಗೆ ಬಂದರೆ ಅವರದೇ ಫೋನು.

ಆ ಡಬ್ಬಿಯನ್ನ ಯಾವ ಪುಣ್ಯಾತ್ಮ ಡಿಸೈನ್ ಮಾಡಿದನೋ. ನಾವು ಹಲೋ ಅಂದಮೇಲೆ ಅವರು ಕಾಸು ಒತ್ತಬೇಕು. ಅದು ಒಳಗೆ ಬೀಳೋ ತನಕ ನಮ್ಮ ದನಿ ಅವರಿಗೆ ಕೇಳುತ್ತೆ, ಅವರದು ನಮಗೆ ಕೇಳಲ್ಲ. ಕಾಸೋ, ಬೀಳೋದಕ್ಕಿಂತ ಸಿಕ್ಕಿಹಾಕಿಕೊಳ್ಳೋದೇ ಹೆಚ್ಚು.

ಬಿದ್ದ ದಿನವಾದರೂ ಏನು ಮಹಾ ಮಾತು? "ಕಾಫಿ ಆಯ್ತಾ?" "ಹ್ಞೂಂ, ನಿಮ್ದು?" ಅಷ್ಟೇ. ಅವರ ಬೆನ್ನ ಹಿಂದೆ ಕ್ಯೂ. ನನ್ನ ಬೆನ್ನ ಹಿಂದೆ ಹುರುಳಿಕಾಯಿ ನಾರು ತೆಗೀತಾ ಕಿವಿ ನೆಟ್ಟಗೆ ಮಾಡಿಕೊಂಡು ಕೂತ ಆಂಟಿ. ಸಾಲದ್ದಕ್ಕೆ ನನ್ನ ಹಾಳು ನಾಚಿಕೆ ಬೇರೆ.

ಅವತ್ತೂ ಕಾಸು ಬಿದ್ದಿಲ್ಲ ಅಂತ ಗೊತ್ತಾಯ್ತು. ಇಡೋಣ ಅನ್ನುವಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಆಂಟಿ ಅಡುಗೆಮನೆಗೆ ಓಡಿದರು.

ನನಗೇನಾಯ್ತೋ... ಅದುಮಿಟ್ಟಿದ್ದೆಲ್ಲ ಬಾಯಿಗೆ ಬಂತು. "ಇಲ್ಲಿ ಹೊತ್ತೇ ಹೋಗಲ್ಲ ರೀ. ಅಮ್ಮ ಮಾಡಿದ್ದೂ ರುಚಿಸ್ತಿಲ್ಲ. ಗೇಟ್ ಸದ್ದಾದ್ರೆ ಸಾಕು, ನೀವೇನೋ ಅಂತ ಎದ್ದು ನೋಡ್ತೀನಿ."

ಲೈನ್ ಕಟ್ ಆಯ್ತು.

ಅಲ್ಲಿಂದಾಚೆ ದನಿ ಬರದ ಫೋನೇ ದಿನಾ. ಲೈನೇ ಸರಿಯಿಲ್ಲ ಅಂತ ಆಂಟಿ ಗೊಣಗುತ್ತಿದ್ದರು, ನಾನೂ ಹ್ಞೂಂಗುಟ್ಟುತ್ತಿದ್ದೆ. ಆಂಟಿ ಒಳಗೆ ಹೋದದ್ದೇ ತಡ, ಪಿಸುದನಿಯಲ್ಲಿ ಮನಸ್ಸು ಬಿಚ್ಚುತ್ತಿದ್ದೆ.

ಉತ್ತರ ಬರಲ್ಲವಲ್ಲ, ಆ ಧೈರ್ಯ. ಆದರೆ ಅವರ ಒಂದು ಮಾತಿಗೆ ಜೀವ ಬಾಯಿ ಬಿಡುತ್ತಿತ್ತು. ಆ ಡಬ್ಬಿಗೆ ಎಷ್ಟು ಶಾಪ ಹಾಕಿದೆನೋ.

ಶ್ರಾವಣ ಹುಟ್ಟಿದ ದಿನ ಬೆಳಗ್ಗೆಯೇ ನನ್ನನ್ನು ಕರೆದುಕೊಂಡು ಹೋಗೋಕೆ ಬಂದರು. ಆಟೋದಲ್ಲಿ ಕೇಳಿದೆ, "ಆ ಡಬ್ಬಿ ರಿಪೇರಿ ಆಗ್ಲೇ ಇಲ್ವಾ?"

ಆಚೆ ನೋಡ್ತಾ ನಕ್ಕರು. "ಮಾರನೇ ದಿನಾನೇ ಸರಿಹೋಯ್ತು ಕಣೇ. ಕಾಸು ಹಾಕಿದ್ರೆ ನೀನು ಬರೀ 'ಹ್ಞೂಂ, ನಿಮ್ದು?' ಅಂತೀಯ. ಅದಕ್ಕೇ ಹಾಕ್ಲಿಲ್ಲ."

ವಿಜಯನಗರ ಬರೋ ತನಕ ನಾನು ಅವರ ಮುಖ ನೋಡಲಿಲ್ಲ.

ಅವರು ಹೋದಮೇಲೆ ಇದು ಎರಡನೇ ಆಷಾಢ.

ಈಗ ಫೋನ್ ಕೈಯಲ್ಲೇ ಇದೆ. ಬೀಗ ಇಲ್ಲ, ಕಾಸೂ ಬೇಡ. ಅವರ ನಂಬರ್ ಒತ್ತಿದರೆ ಯಾವಳೋ ಒಬ್ಬಳು, ಆ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಅಂತಾಳೆ. ಈ ಹೊಸ ಫೋನುಗಳಿಗೆ ಸುಮ್ಮನಿರೋಕೂ ಬರಲ್ಲ.

ಅದಕ್ಕೇ ಅದನ್ನ ಪಕ್ಕಕ್ಕಿಟ್ಟು, ಸಂಜೆ ಕಾಫಿ ಹೊತ್ತಿಗೆ ಹಾಗೇ ಮಾತಾಡ್ತೀನಿ.

ಆ ಕಡೆಯಿಂದ ದನಿ ಬರಲ್ಲ... ಕಾಸು ಹಾಕಿಲ್ಲ ಅಷ್ಟೇ, ಅಲ್ವಾ?