ಒಬೀಡಿಯಂಟ್ ಸರ್ವೆಂಟ್ ಮತ್ತು ಬೀದಿಯ ನಲ್ಲಿ

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂಬುದು ರಾಜಾಜಿನಗರದ ನಮ್ಮ ಬೀದಿಯಲ್ಲಿ ನಾನೇ ಹಬ್ಬಿಸಿದ ಸುದ್ದಿ. ಐವತ್ತರ ದಶಕದ ಆ ಹೊಸ ಬಡಾವಣೆಗೆ ಮನೆಗಳು ಬಂದಿದ್ದವು, ನೀರು ಬಂದಿರಲಿಲ್ಲ. ಹೆಂಗಸರು ದೂರದ ಬಾವಿಯಿಂದ ಬಿಂದಿಗೆ ಹೊತ್ತು ತರುತ್ತಿದ್ದರು. ನನ್ನ ಹೆಂಡತಿಯ ಸೊಂಟವಂತೂ ಬಿದ್ದೇ ಹೋಗಿತ್ತು. ನಾನೇನು ಸುಮ್ಮನೆ ಕೂತಿರಲಿಲ್ಲ. ಕೂತು ಅರ್ಜಿ ಬರೆಯುತ್ತಿದ್ದೆ.

ಪ್ರತಿ ಅರ್ಜಿಯ ಕೊನೆಗೆ ‘ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್’ ಎಂದು ಬರೆದು ಸಹಿ ಹಾಕುವುದು ಪದ್ಧತಿ. ಒಬೀಡಿಯಂಟ್ ಎಂದರೆ ವಿಧೇಯ. ಈ ಗುಣ ಇಂಗ್ಲಿಷರ ಪುಸ್ತಕಗಳಲ್ಲಿ ಕಂಡಷ್ಟು ಇಂಗ್ಲಿಷರಲ್ಲಿ ಕಂಡದ್ದಿಲ್ಲ. ಅವರ ಹಳೆಯ ಕಥೆಗಳಲ್ಲಿ ಒಬ್ಬ ಮಹನೀಯ ಇನ್ನೊಬ್ಬನಿಗೆ ‘ಬೆಳಿಗ್ಗೆ ಪಿಸ್ತೂಲು ಹಿಡಿದು ಬಾ, ನಿನ್ನನ್ನು ಮುಗಿಸುತ್ತೇನೆ’ ಎಂದು ಕಾಗದ ಬರೆದು, ಕೆಳಗೆ ‘ನಿನ್ನ ವಿಧೇಯ ಸೇವಕ’ ಎನ್ನುತ್ತಾನೆ. ಗುಂಡು ಹೊಡೆದರೂ ವಿನಯ ಬಿಡಬಾರದು, ನೋಡಿ.

ನನ್ನ ನಾಲ್ಕನೆಯ ಅರ್ಜಿಗೆ ನೀರಿನ ಕಚೇರಿಯಿಂದ ಉತ್ತರ ಬಂತು: ‘ವಿಷಯ ಪರಿಶೀಲನೆಯಲ್ಲಿದೆ.’ ಕೆಳಗೆ ಅದೇ ಒಬೀಡಿಯಂಟ್ ಸರ್ವೆಂಟ್, ಸಾಹೇಬರ ಸಹಿ. ಜಗಲಿಯಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕನ್ನಡ ಮಾಡಿ ಓದಿದೆ. ಎದುರುಮನೆಯ ಕೆಂಪಮ್ಮ ಬಿಂದಿಗೆ ಇಳಿಸಿದರು. ಬಡಾವಣೆ ಏಳುವ ಮುನ್ನ ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವರು ಅವರು.

“ಸೇವಕ ಅಂತ ಅವ್ರೇ ಬರ್ದವ್ರಾ ಸ್ವಾಮಿ?”

“ಅದೊಂದು ಪದ್ಧತಿ ಕಣಮ್ಮ, ಅಷ್ಟೆ.”

“ರುಜು ಹಾಕವ್ರೆ ತಾನೆ? ಇತ್ಲಾಗ್ ಕೊಡಿ.”

ಮರುದಿನ ಕಾಗದವನ್ನು ಸೆರಗಿಗೆ ಕಟ್ಟಿಕೊಂಡು, ಖಾಲಿ ಬಿಂದಿಗೆಯೊಡನೆ ಅವರು ಕಚೇರಿಗೆ ಹೊರಟರು. ಓದು ಬಲ್ಲ ನಾನು ನಾಚಿಕೆಯಿಂದ ಹತ್ತು ಹೆಜ್ಜೆ ಹಿಂದೆ. ಸಾಹೇಬರ ಮೇಜಿನ ಮೇಲೆ ಬಿಂದಿಗೆ ಇಟ್ಟು, ಕೈಮುಗಿದು, “ನಮ್ ಸೇವಕ್ರು ಅಂತ ಬರ್ದಿದೀರಲ್ಲ ಬುದ್ಧಿ, ಇದೊಂದು ತುಂಬ್ಕೊಡಿ” ಎಂದರು. ಗುಮಾಸ್ತರು ಕಡತಗಳ ಹಿಂದೆ ನಕ್ಕರು. ಸಾಹೇಬರು ತಮ್ಮ ಸಹಿಯನ್ನು ಎರಡೆರಡು ಸಲ ನೋಡಿಕೊಂಡರು. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ.

ಹದಿನೈದು ದಿನದಲ್ಲಿ ಬೀದಿಗೆ ನಲ್ಲಿ ಬಂತು.

ಹೊಟ್ಟೆಕಿಚ್ಚು ತಡೆಯಲಾರದೆ ನಿಘಂಟು ತೆಗೆದೆ. ಒಬೀಡಿಯಂಟ್ ಪದದ ಲ್ಯಾಟಿನ್ ಮೂಲಕ್ಕೆ ‘ಕಿವಿಗೊಡುವುದು’ ಎಂಬ ಅರ್ಥವಂತೆ. ನಲ್ಲಿಯ ಮುಂದೆ ನಿಂತಿದ್ದ ಹೆಂಡತಿಗೆ ಇದನ್ನು ವಿವರಿಸಲು ಹೋದೆ. “ಕೇಳಿಸ್ತು. ಬಿಂದಿಗೆ ತುಂಬಿದೆ, ಎತ್ಕೊಂಡ್ ಬನ್ನಿ” ಎಂದಳು.

ಎತ್ತಿಕೊಂಡೆ. ಅಲ್ಲಿಂದ ನಮ್ಮ ಬಾಗಿಲಿಗೆ ಇಪ್ಪತ್ತೇ ಹೆಜ್ಜೆ. ನಡುವೆ ಎರಡು ಸಲ ಇಳಿಸಿದೆ. ನಾಲ್ಕು ಅರ್ಜಿ ಬರೆದವನಿಗೆ ತುಂಬಿದ ಬಿಂದಿಗೆಯ ಭಾರ ಎಷ್ಟೆಂದು ಗೊತ್ತಾದದ್ದು ಅಂದೇ.