ನಿಧಾನಪ್ಪ ಬಿಟ್ಟುಕೊಟ್ಟ ಗೋಪುರ

ಬೆಂಕಿ ಆರಿಸುವ ಗಾಡಿಯ ಡ್ರೈವರಿಗೆ ನಿಧಾನಪ್ಪ ಎಂದು ಹೆಸರಿಟ್ಟ ಊರು ಎಂಥದ್ದಿರಬಹುದು ಎಂದು ಹೊರಗಿನವರು ನಗುತ್ತಿದ್ದರು. ನಗಲಿ. ತಪ್ಪು ಅವನದಲ್ಲ, ಬಾಗಿಲಿನದು. ಊರು ಠಾಣೆ ಎಂದು ಕರೆಯುತ್ತಿದ್ದದ್ದು ಒಂದು ಹಳೆಯ ಉಪ್ಪಿನ ಗೋದಾಮನ್ನು. ಅದರ ಬಾಗಿಲನ್ನು ಯಾವುದೋ ಕಾಲದ ಸಾಮಾನಿನ ಗಾಡಿಗಳ ಅಳತೆಗೆ ಇಟ್ಟಿದ್ದರು. ನೀರಿನ ಟ್ಯಾಂಕು ಹೊತ್ತ ಕೆಂಪು ಗಾಡಿ ಅದರಲ್ಲಿ ಹೊರಬರಬೇಕಾದರೆ ಎರಡೂ ಬದಿಯ ಕನ್ನಡಿ ಮಡಚಬೇಕು, ಒಬ್ಬ ಮುಂದೆ ನಿಂತು ಕೈಸನ್ನೆ ಮಾಡಬೇಕು, ಡ್ರೈವರು ಉಸಿರು ಬಿಗಿಹಿಡಿದು ಇಂಚಿಂಚಾಗಿ ಬರಬೇಕು. ರಸ್ತೆಗೆ ಬಿದ್ದ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಆದರೆ ಜನ ನೋಡಿದ್ದು ಬಾಗಿಲ ಬಳಿಯ ಆ ಆಮೆ ನಡಿಗೆಯನ್ನು. ಹೆಸರು ಅಂಟಿಕೊಂಡಿತು, ಅವನೂ ಅದಕ್ಕೇ ಓಗೊಡತೊಡಗಿದ.

ಒಳಗಿನ ಸೌಭಾಗ್ಯ ಕೇಳಬೇಡಿ. ಇಡೀ ತಂಡಕ್ಕೆ ಒಂದೇ ನಲ್ಲಿ, ಅದೂ ಮುನಿಸಿಕೊಂಡಾಗ ತೊಟ್ಟಿಕ್ಕುವ ನಲ್ಲಿ. ಬೆಂಕಿ ಆರಿಸಿ ಬಂದ ಹುಡುಗರು ಮಸಿ ಮೆತ್ತಿದ ಮೈಯಲ್ಲೇ ಮನೆಗೆ ಹೋಗುತ್ತಿದ್ದರು. ಅವರ ಮಕ್ಕಳು ಅಪ್ಪನನ್ನು ತಬ್ಬಿಕೊಳ್ಳುವ ಮುಂಚೆ ಮೂಗು ಮುಚ್ಚಿಕೊಳ್ಳುತ್ತಿದ್ದವು. ಉಪ್ಪು ಕುಡಿದ ಗೋಡೆ ಮೋಡ ಕವಿದರೆ ಸಾಕು, ಬೆವರುತ್ತಿತ್ತು. ಇವೆಲ್ಲ ನಿಧಾನಪ್ಪನಿಗೆ ಅಭ್ಯಾಸವಾಗಿದ್ದವು. ಅಭ್ಯಾಸವಾಗದೆ ಉಳಿದದ್ದು ಒಂದೇ, ಪೈಪು ಒಣಗಿಸುವ ಕೆಲಸ.

ಕ್ಯಾನ್ವಾಸಿನ ಪೈಪನ್ನು ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ, ಮುಂದಿನ ಬೆಂಕಿಯಲ್ಲಿ ನೀರು ಬಿಟ್ಟ ತಕ್ಷಣ ಒಡೆಯುತ್ತದೆ. ಎತ್ತರದಿಂದ ಇಳಿಬಿಟ್ಟು ಒಣಗಿಸಬೇಕು. ಒಳ್ಳೆಯ ಠಾಣೆಗಳಲ್ಲಿ ಅದಕ್ಕೆಂದೇ ಒಂದು ಗೋಪುರ ಇರುತ್ತದೆ. ಇಲ್ಲಿ ಎಲ್ಲಿಂದ ತರುವುದು? ಹಿಂದಿನ ಬೀದಿಯ ಹಿಟ್ಟಿನ ಮಿಲ್ಲಿಗೆ ಮೂರು ಅಂತಸ್ತಿನ, ಒಂದೂ ಕಿಟಕಿಯಿಲ್ಲದ ಗೋಡೆಯಿತ್ತು. ಊರಿನಲ್ಲಿ ಅಂಥ ಗೋಡೆ ಅದೊಂದೇ. ಅದರ ನೆತ್ತಿಗೆ ಕಬ್ಬಿಣದ ಕೊಕ್ಕೆ ಹೊಡೆದು ಪೈಪು ನೇತುಹಾಕುತ್ತಿದ್ದರು.

ಗೋಡೆ ಸಿಕ್ಕಿದ್ದು ಹೀಗೆ. ಒಮ್ಮೆ ಮಿಲ್ಲಿನ ದಾಸ್ತಾನು ಕೋಣೆಗೆ ಬೆಂಕಿ ಬಿತ್ತು. ಅವತ್ತೊಂದು ದಿನ ನಿಧಾನಪ್ಪ ನಿಧಾನ ಮಾಡಲಿಲ್ಲ. ಕನ್ನಡಿ ಮಡಚುವುದನ್ನೂ ಬಿಟ್ಟು ಗಾಡಿ ನುಗ್ಗಿಸಿದ; ಒಂದು ಕನ್ನಡಿ ಬಾಗಿಲಲ್ಲೇ ಪುಡಿಯಾಯಿತು. ಕೋಣೆ ಹೋಯಿತು, ಮಿಲ್ಲು ಉಳಿಯಿತು. ಗಂಡನನ್ನು ಕಳೆದುಕೊಂಡು ಒಬ್ಬಳೇ ಮಿಲ್ಲು ನಡೆಸುತ್ತಿದ್ದ ಯಜಮಾನತಿ ಮಾರನೆಯ ದಿನ ಲಕೋಟೆಯಲ್ಲಿ ಹಣ ತಂದಳು. ಎಲ್ಲರೂ ಅವಳನ್ನು ಮಿಲ್ಲಿನಕ್ಕ ಎನ್ನುತ್ತಿದ್ದರು. "ನಮಗೆ ಸಂಬಳ ಬರುತ್ತೆ ಅಕ್ಕಾ" ಎಂದು ಇವನು ತಿರುಗಿಸಿ ಕಳಿಸಿದ. ಸ್ವಲ್ಪ ದಿನದ ಮೇಲೆ ಇವರು ರಸ್ತೆಯಲ್ಲಿ ಪೈಪು ಹಾಸಿಕೊಂಡು ಸೈಕಲ್ಲಿನವರ ಕೈಲಿ ಬೈಸಿಕೊಳ್ಳುವುದನ್ನು ನೋಡಿ, ಮಿಲ್ಲಿನಕ್ಕ ಗೋಡೆಯತ್ತ ಕೈ ತೋರಿಸಿದಳು.

ಅಂದಿನಿಂದ ಪ್ರತಿ ಬೆಂಕಿಯ ನಂತರವೂ ಅವನು ಮಿಲ್ಲಿನ ಬಾಗಿಲಲ್ಲಿ ನಿಂತು, "ಅಕ್ಕಾ, ಸ್ವಲ್ಪ ಗೋಡೆ" ಎನ್ನಬೇಕು. ಅವಳು ತಲೆಯೆತ್ತದೆ "ಹಾಕ್ಕೊಳ್ಳಿ" ಎನ್ನುತ್ತಿದ್ದಳು. ಅಷ್ಟೇ. ಆದರೆ ನಿಧಾನಪ್ಪ ಒಂದು ಬೆಂಕಿಪೊಟ್ಟಣಕ್ಕೂ ನೆರೆಮನೆಗೆ ಹೋದವನಲ್ಲ. ಆ ಗೋಡೆಯ ಋಣ ವರ್ಷದಿಂದ ವರ್ಷಕ್ಕೆ ಅವನ ಹೆಗಲ ಮೇಲೆ ಬೆಳೆಯುತ್ತಿತ್ತು.

ಆದ್ದರಿಂದ ಪುರಸಭೆ ಹೊಸ ಠಾಣೆ ಕಟ್ಟಲು ಹೊರಟು, ಏನೇನು ಬೇಕು ಎಂದು ಕೇಳಿದಾಗ, ಅವನ ಬಾಯಿಂದ ಬಂದ ಮೊದಲ ಮಾತು ಗೋಪುರ. ಎಂಜಿನಿಯರು ನಕಾಶೆಯಲ್ಲಿ ಗೋಪುರ ಬರೆದ. ನಿವೃತ್ತಿಗೆ ವರ್ಷವೊಂದು ಉಳಿದಿದ್ದ ಮನುಷ್ಯ ಆ ನಕಾಶೆಯನ್ನು ಹೊಸ ಅಳಿಯನನ್ನು ನೋಡುವ ಮಾವನ ಹಾಗೆ ನೋಡಿದ. ನೋಡಿ ಸುಮ್ಮನಿದ್ದರೆ ಚೆನ್ನಾಗಿತ್ತು. ಗೋಪುರ ಏಳುವವರೆಗೆ ರಸ್ತೆಯೇ ಸಾಕೆಂದು, ಮುಂದಿನ ಭಾನುವಾರವೇ ಏಣಿ ಹಾಕಿ ಮಿಲ್ಲಿನ ಗೋಡೆಯ ಕೊಕ್ಕೆಗಳನ್ನೆಲ್ಲ ಕಿತ್ತ. ತೂತುಗಳಿಗೆ ಸಿಮೆಂಟು ಮೆತ್ತಿ, ಹುಡುಗರನ್ನು ಕರೆದುಕೊಂಡು ಇಡೀ ಗೋಡೆಗೆ ಸುಣ್ಣ ಬಳಿದ. ಮಿಲ್ಲಿನಕ್ಕನಿಗೆ ಕೈಮುಗಿದು, "ಇಷ್ಟು ವರ್ಷ ತೊಂದರೆ ಕೊಟ್ವಿ. ಇನ್ಮೇಲೆ ನಿಮ್ಮ ಗೋಡೆ ನಿಮ್ಮದು" ಎಂದ. ಅವಳು ಗೋಡೆ ನೋಡಿದಳು, ಅವನ ಮುಖ ನೋಡಿದಳು, ಒಳಗೆ ಹೋದಳು.

ಮನೆಯಲ್ಲಿ ಹೆಂಡತಿ ಕೇಳಿದಳು, "ಠಾಣೆಗೆ ಪಾಯ ತೋಡಿದ್ರಾ?"

"ಇಲ್ಲ. ಟೆಂಡರ್ ಕರೀತಾರೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ" ಎಂದು ಅವಳು ಎದ್ದು ಹೋದಳು.

ಟೆಂಡರು ತೆರೆದ ದಿನ ಹೆಂಡತಿಯ ಮಾತು ನಿಜವಾಯಿತು. ಎಲ್ಲರಿಗಿಂತ ಕಡಿಮೆ ಕೇಳಿದ ಗುತ್ತಿಗೆದಾರನ ಮೊತ್ತವೂ ಪುರಸಭೆಯ ಕೈಲಿದ್ದ ಹಣಕ್ಕಿಂತ ಕಾಲು ಭಾಗ ಹೆಚ್ಚಿತ್ತು. ಸಭೆಗೆ ತಂಡದ ಹಿರಿಯನೆಂದು ನಿಧಾನಪ್ಪನನ್ನೂ ಕರೆಸಿದ್ದರು. ಅವನು ಟೋಪಿ ತೊಡೆಯ ಮೇಲಿಟ್ಟುಕೊಂಡು ಗೋಡೆ ಬದಿಯ ಕುರ್ಚಿಯಲ್ಲಿ ಕೂತ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮುಂದಿನ ವರ್ಷ ನೋಡೋಣ" ಎಂದ ಬಟ್ಟೆ ಅಂಗಡಿಯ ಸದಸ್ಯ.

"ಮುಂದಿನ ವರ್ಷಕ್ಕೆ ಸರ್ಕಾರದ ಪಾಲು ವಾಪಸ್ ಹೋಗಿರುತ್ತೆ" ಎಂದಳು ಅಧ್ಯಕ್ಷೆ. ಮೇಷ್ಟರ ಕೆಲಸದಿಂದ ನಿವೃತ್ತಳಾದವಳು, ಈಗಲೂ ತರಗತಿಯಲ್ಲಿ ಮಾತಾಡಿದಂತೆಯೇ ಮಾತಾಡುತ್ತಿದ್ದಳು. "ಆಮೇಲೆ ಬೆಂಕಿ ಬಿದ್ದಾಗ ಬಾವಿ ತೋಡೋಣ, ಅಲ್ವಾ?"

ಎಂಜಿನಿಯರು ಪಾಪ, ರಾತ್ರಿಯೆಲ್ಲ ಕೂತು ಕತ್ತರಿ ಆಡಿಸಿದ್ದ. ನೆಲಕ್ಕೆ ಕಲ್ಲಿನ ಬದಲು ಸಿಮೆಂಟು, ಕಾಂಪೌಂಡಿನ ಬದಲು ತಂತಿಬೇಲಿ, ಮುಂಭಾಗದ ಅಲಂಕಾರ ಪೂರ್ತಿ ರದ್ದು. ಬಾಗಿಲಿನ ಅಗಲವನ್ನು ಮಾತ್ರ ಮುಟ್ಟಿರಲಿಲ್ಲ. ಅದಕ್ಕಾಗಿ ಅವನಿಗೆ ಪುಣ್ಯ ಬರಲಿ. ಆದರೂ ಇನ್ನೊಂದು ದೊಡ್ಡ ತುಂಡು ಹೋಗಬೇಕಿತ್ತು. "ಒಂದೋ ಪೈಪಿನ ಗೋಪುರ ಬಿಡಬೇಕು, ಇಲ್ಲ ಸಿಬ್ಬಂದಿಯ ಸ್ನಾನದ ಕೋಣೆಗಳನ್ನ ಬಿಡಬೇಕು. ಯಾವುದನ್ನ ಬಿಟ್ಟರೂ ಲೆಕ್ಕ ಕೂಡುತ್ತೆ."

ಎಲ್ಲರೂ ನಿಧಾನಪ್ಪನತ್ತ ನೋಡಿದರು. ಅವನಿಗೆ ಗೋಪುರ ಕಣ್ಣಿಗೆ ಕಟ್ಟಿತ್ತು, ಅದರ ಮೆಟ್ಟಿಲುಗಳೂ ಕಾಣುತ್ತಿದ್ದವು. ಮೂಗು ಮುಚ್ಚಿಕೊಂಡು ಅಪ್ಪನ ಬಳಿ ಬರುವ ಮಕ್ಕಳೂ ಕಂಡರು.

"ಗೋಪುರ ತೆಗೀರಿ" ಎಂದ.

"ನೀವೇ ಕೇಳಿ ಹಾಕಿಸಿದ್ದಲ್ವಾ?" ಅಧ್ಯಕ್ಷೆ ಕನ್ನಡಕ ತೆಗೆದಳು.

"ಹೌದು ಮೇಡಂ. ನಾನು ಹೊರಡೋನು. ಹುಡುಗರು ಇರೋರು. ಅವರು ಮೈ ತೊಳ್ಕೊಂಡು ಮನೆಗೆ ಹೋಗ್ಲಿ. ಪೈಪಿಗೆ ಮಿಲ್ಲಿನ ಗೋಡೆ ಇದೆ."

"ಆ ಗೋಡೆಗೆ ಸುಣ್ಣ ಬಳಿದು ವಾಪಸ್ ಕೊಟ್ಟುಬಿಟ್ರಂತಲ್ಲ" ಎಂದ ಬಟ್ಟೆ ಅಂಗಡಿಯವನು. ಸಭೆ ನಕ್ಕಿತು. ನಿಧಾನಪ್ಪನ ಕಿವಿ ಕೆಂಪಾಯಿತು.

ಅಧ್ಯಕ್ಷೆ ನಗಲಿಲ್ಲ. "ಸೋಮವಾರ ಸಹಿ ಹಾಕ್ತೀನಿ. ಅಷ್ಟರೊಳಗೆ ಮಿಲ್ಲಿನಕ್ಕನ ಒಪ್ಪಿಗೆ ತನ್ನಿ. ಪೈಪು ಕೊಳೆಯೋ ಠಾಣೆ ಕಟ್ಟಿಸಿ ನಾನು ಊರಿಗೆ ಏನು ಹೇಳ್ಲಿ?"

ಅಂದರೆ ಇಡೀ ಠಾಣೆ ಈಗ ಒಂದು ಗೋಡೆಯ ಮೇಲೆ ನಿಂತಿತ್ತು. ಆ ಗೋಡೆಯನ್ನು ತಾನೇ ಕೈಯಾರೆ ಹಿಂದಿರುಗಿಸಿದ್ದ ಮನುಷ್ಯ ಮತ್ತೆ ಅದಕ್ಕಾಗಿ ಕೈ ಚಾಚಬೇಕಿತ್ತು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಈ ಸಲ ಅವಳು ಗಾದೆ ಹೇಳಲಿಲ್ಲ. ಮೆಟ್ಟಿಲ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ತಂದಳು. ಅವನು ಗುಜರಿಗೆ ಹಾಕು ಎಂದು ಕೊಟ್ಟಿದ್ದ ಕೊಕ್ಕೆಗಳು, ಎಣ್ಣೆ ಸವರಿಸಿಕೊಂಡು ಒಳಗೆ ಕೂತಿದ್ದವು.

"ಹಾಕಲಿಲ್ವಾ?"

"ನಿಮ್ಮ ಹೊಸ ಠಾಣೆ ಕತೆ ಎಷ್ಟು ವರ್ಷದಿಂದ ಕೇಳ್ತಿದೀನಿ. ಹೋಗಿ ಬನ್ನಿ" ಎಂದಳು. ಇಂಥ ಹೆಂಡತಿ ಸಿಕ್ಕಿದ್ದು ತನ್ನ ಪೂರ್ವಜನ್ಮದ ಪುಣ್ಯ ಎಂದು ಅವನಿಗೆ ಅನಿಸಿತು. ಚೀಲ ಹೆಗಲಿಗೇರಿಸಿದ.

ಮಿಲ್ಲಿನಕ್ಕ ತಕ್ಕಡಿಯ ಹಿಂದೆ ಕೂತಿದ್ದಳು. ಹಿಟ್ಟಿನ ಪುಡಿ ಅವಳ ಹುಬ್ಬಿನ ಮೇಲೂ ಕೂತಿತ್ತು. ನಿಧಾನಪ್ಪ ಹವೆಯ ವಿಷಯ ತೆಗೆದ, ಬೀದಿಯ ಗುಂಡಿಗಳ ವಿಷಯ ತೆಗೆದ. ಗೋಡೆಯ ವಿಷಯ ಮಾತ್ರ ನಾಲಿಗೆಗೆ ಬರಲೊಲ್ಲದು. ಚೀಲ ಕೆಳಗಿಟ್ಟಾಗ ಒಳಗಿನ ಕಬ್ಬಿಣ ಸದ್ದು ಮಾಡಿತು.

ಅವಳು ತಲೆಯೆತ್ತಿದಳು. "ಏನದು?"

"ಕೊಕ್ಕೆ ಅಕ್ಕಾ." ಅಷ್ಟು ಹೇಳಿದ ಮೇಲೆ ಉಳಿದದ್ದೂ ಬಂತು. ಟೆಂಡರು, ಗೋಪುರ, ಸೋಮವಾರ, ಎಲ್ಲ. "ಋಣ ತೀರಿಸಿದೆ ಅಂದ್ಕೊಂಡಿದ್ದೆ. ಮತ್ತೆ ಬಂದು ನಿಂತಿದೀನಿ. ನಾಚಿಕೆ ಆಗುತ್ತೆ."

ಮಿಲ್ಲಿನಕ್ಕ ಮಿಲ್ಲು ನಿಲ್ಲಿಸುವಂತೆ ಕೆಲಸದವಳಿಗೆ ಸನ್ನೆ ಮಾಡಿದಳು. ಪಟ್ಟಿಗಳು ಸುತ್ತುವುದು ನಿಂತು ಕೋಣೆಯೆಲ್ಲ ಮೌನವಾಯಿತು.

"ಯಾರ ಋಣ ತಮ್ಮಾ?" ಎಂದಳು. ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. "ಅವತ್ತು ನೀವು ಬರದೇ ಇದ್ದಿದ್ರೆ ಈ ತಕ್ಕಡಿ ಇಲ್ಲ, ಈ ಮಿಲ್ಲಿಲ್ಲ, ನನ್ನ ಮಕ್ಕಳ ಓದಿಲ್ಲ. ದುಡ್ಡು ತಂದ್ರೆ ಬೇಡ ಅಂದ್ರಿ. ಏನು ಕೊಡೋದು ಅಂತ ಗೊತ್ತಾಗದೆ ಗೋಡೆ ತೋರಿಸಿದೆ. ಅದನ್ನಾದ್ರೂ ತಗೊಂಡ್ರಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ನೀವು ಒಂದಿನ ಏಣಿ ತಂದು, ಅದನ್ನೂ ಸುಣ್ಣ ಬಳಿದು ವಾಪಸ್ ಕೊಟ್ರಿ. ಎಷ್ಟು ಬೇಜಾರಾಯ್ತು ಗೊತ್ತಾ ನಂಗೆ?"

ಇಷ್ಟು ವರ್ಷ ನಿಧಾನಪ್ಪ ತಾನು ಬೇಡುತ್ತಿದ್ದೇನೆ ಎಂದುಕೊಂಡು ಕುಗ್ಗಿ ನಿಂತ ಬಾಗಿಲಲ್ಲಿ, ಒಳಗಿದ್ದವಳು ತಾನು ಸಲ್ಲಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅವನ ಕಣ್ಣು ತುಂಬಿತು. ಹಿಟ್ಟಿನ ಪುಡಿ ಬಿತ್ತು ಎಂದು ಒರೆಸಿಕೊಂಡ. ಅವಳೂ ನಂಬಿದವಳಂತೆ ತಲೆಯಾಡಿಸಿ ಕಾಗದ ಪೆನ್ನು ತರಿಸಿದಳು.

ಸೋಮವಾರ ಸಹಿ ಬಿತ್ತು. ಠಾಣೆ ಎದ್ದು ನಿಂತಿತು, ಮಿಲ್ಲಿನ ಗೋಡೆಗೆ ಕೊಕ್ಕೆಗಳು ಮರಳಿ ಬಂದವು. ತಂತಿಬೇಲಿ, ಸಿಮೆಂಟು ನೆಲ, ಬಿಸಿನೀರು ಬರುವ ಸ್ನಾನದ ಕೋಣೆಗಳು, ಎರಡು ಗಾಡಿ ಒಟ್ಟಿಗೆ ಹೋಗುವಷ್ಟು ಅಗಲದ ಬಾಗಿಲು. ನಿವೃತ್ತಿಗೆ ಕೆಲವೇ ವಾರ ಉಳಿದಿದ್ದಾಗ ಮೊದಲ ಕರೆ ಬಂತು, ಊರಾಚೆಯ ಮರದ ಡಿಪೋಗೆ ಬೆಂಕಿ. ನಿಧಾನಪ್ಪ ಗಾಡಿ ಹತ್ತಿದವನೇ ಅಭ್ಯಾಸಬಲದಿಂದ ಕನ್ನಡಿ ಮಡಚಿದ. ಪಕ್ಕದಲ್ಲಿದ್ದವನು ನಕ್ಕ. ಕನ್ನಡಿ ಬಿಚ್ಚಿ, ಒಂದೇ ಉಸಿರಿಗೆ ರಸ್ತೆಗಿಳಿದ. ಬೀದಿಯವರು ಅವನ ಹೆಸರು ಕೂಗಿ ಚಪ್ಪಾಳೆ ತಟ್ಟಿದರು. ಹೆಸರು ಬದಲಾಗಲಿಲ್ಲ, ಆಗುವುದೂ ಇಲ್ಲ.

ಬೆಂಕಿ ಆರಿಸಿ ಬಂದ ಮೇಲೆ ಹುಡುಗರನ್ನು ಸ್ನಾನಕ್ಕೆ ಕಳಿಸಿ, ಒದ್ದೆ ಪೈಪುಗಳನ್ನು ತಾನೇ ಮಿಲ್ಲಿನ ಬಳಿಗೆ ಒಯ್ದ. ಬಾಗಿಲಲ್ಲಿ ನಿಂತು ಕೇಳಲಿಲ್ಲ. ನೇರ ಏಣಿ ಹತ್ತಿ ಕೊಕ್ಕೆಗೆ ಹಾಕಿದ. ಮಸಿಯ ನೀರು ಬಿಳಿ ಸುಣ್ಣದ ಮೇಲೆ ಗೆರೆಗೆರೆಯಾಗಿ ಇಳಿಯಿತು. ಅವನು ಪೇಚಾಡುತ್ತ ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಮಿಲ್ಲಿನಕ್ಕ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಬಿಡಿ, ಒರೆಸಬೇಡಿ" ಎಂದಳು. "ಈಗ ನೋಡೋಕೆ ಸರಿಯಾಯ್ತು."